‘ಪಿಕ್’ ಕ್ರಿಯಾಪದ: ನಾನು ತಪ್ಪು ಹಾಕಿದ ಒಂದು ಸರಿಯುತ್ತರ

ನನ್ನ ಬೋಧನಾ ವಿಷಯ ಜೀವವಿಜ್ಞಾನ. ಪಾಲಿಬೆಟ್ಟದ ಶಾಲೆಯೊಂದರಲ್ಲಿ ಬೋಧನಾಭ್ಯಾಸ ನಡೆಸುತ್ತಿದ್ದಾಗ, ಇಂಗ್ಲಿಷ್ ಶಿಕ್ಷಕರು ರಜೆಯಲ್ಲಿದ್ದುದರಿಂದ 8ನೇ ತರಗತಿಗೆ ಎರಡು ಅವಧಿ ಇಂಗ್ಲಿಷ್ ಪಾಠ ಮಾಡಿದೆ. ಆಯ್ದುಕೊಂಡ ವಿಷಯ ‘ಪಿಕ್’ ಕ್ರಿಯಾಪದದ ಅರ್ಥ ಮತ್ತು ಬಳಕೆ.

ಮೊದಲ ಅವಧಿ: ಪಾಠಯೋಜನೆಯಲ್ಲಿ ನಾನು ಬರೆದುಕೊಂಡದ್ದು ‘ಆರಿಸು’ ಎಂಬ ಒಂದೇ ಅರ್ಥ. ‘ಪಿಕ್ ದ ಕರೆಕ್ಟ್ ಆನ್ಸರ್’ ಎಂಬ ಉದಾಹರಣೆ ಕೊಟ್ಟೆ. ಕೊನೆಯ ಕಿರುಪರೀಕ್ಷೆಯಲ್ಲಿ ಒಬ್ಬ ವಿದ್ಯಾರ್ಥಿನಿ ‘ಕೊಯ್ಯುವುದು’ ಎಂದು ಬರೆದಳು. ನನ್ನ ಉತ್ತರಸೂಚಿಯಲ್ಲಿ ಅದಿರಲಿಲ್ಲ, ತಪ್ಪು ಹಾಕಿದೆ. ಅವಳು ಏನೂ ಹೇಳದೆ ಪುಸ್ತಕ ಮುಚ್ಚಿದಳು. ಪಕ್ಕದವಳು ಹೇಳಿದಳು: “ಮೇಡಂ, ಅವಳ ಅಮ್ಮ ದಿನಾ ಕಾಫಿ ಪಿಕ್ಕಿಂಗ್‌ಗೆ ಹೋಗ್ತಾರೆ.”

ಎರಡನೆಯ ಅವಧಿ: ಮೊದಲು ಆ ಪುಸ್ತಕ ತರಿಸಿ, ತರಗತಿಯ ಎದುರೇ ಗುರುತು ತಿದ್ದಿದೆ. ನಂತರ ಯಾವುದನ್ನು ‘ಪಿಕ್’ ಮಾಡಿದರೆ ಕನ್ನಡದಲ್ಲಿ ಏನೆನ್ನುತ್ತೇವೆ ಎಂದು ಕೇಳುತ್ತಾ ಕಪ್ಪುಹಲಗೆ ತುಂಬಿಸಿದೆ.

ಕಾಫಿ ಹಣ್ಣಾದರೆ ಕೊಯ್ಯು.
ಮಲ್ಲಿಗೆ ಹೂವಾದರೆ ಬಿಡಿಸು.
ತಂಡಕ್ಕೆ ಆಟಗಾರರಾದರೆ ಆರಿಸು.
ನೆಲಕ್ಕೆ ಬಿದ್ದ ಪೆನ್ನಾದರೆ ‘ಪಿಕ್ ಅಪ್’, ಎತ್ತಿಕೋ.
ಬಸ್‌ಸ್ಟ್ಯಾಂಡಿನಲ್ಲಿ ಕಾಯುವ ತಮ್ಮನಾದರೂ ‘ಪಿಕ್ ಅಪ್’, ಹೋಗಿ ಕರೆದುಕೊಂಡು ಬಾ.
ಜಗಳವಾದರೆ ಕಾಲು ಕೆರೆದು ಹೋಗು.

ಇಂಗ್ಲಿಷಿನಲ್ಲಿ ಕ್ರಿಯಾಪದ ಒಂದೇ. ಅದರ ಜೊತೆಗೆ ಬರುವ ಪದ ನೋಡಿ ಅರ್ಥ ತಿಳಿಯಬೇಕು ಎಂಬ ನಿಯಮವನ್ನು ಮಕ್ಕಳೇ ಹೇಳಿದರು. ಜೇಬುಗಳ್ಳನಿಗೆ ‘ಪಿಕ್‌ಪಾಕೆಟ್’ ಎನ್ನುವುದೂ, ಸಾಮಾನು ಸಾಗಿಸುವ ಗಾಡಿಗೆ ‘ಪಿಕಪ್’ ಎನ್ನುವುದೂ ಇದೇ ಪದದಿಂದ ಎಂದಾಗ ನಕ್ಕರು.

ಆಗ ಅದೇ ವಿದ್ಯಾರ್ಥಿನಿ ಕೈ ಎತ್ತಿದಳು: “ಕೆಂಪು ಹಣ್ಣು ಮಾತ್ರ ನೋಡಿ ಕೊಯ್ಯೋದು ಪಿಕ್ಕಿಂಗ್, ಮೇಡಂ. ಕೊನೆಗೆ ಹಸಿರು, ಕೆಂಪು ಎಲ್ಲಾ ಎಳೆಯೋದು ಸ್ಟ್ರಿಪ್ಪಿಂಗ್. ಮೊದಲೇ ಹಸಿರು ಕಿತ್ತರೆ ರೈಟರ್ ಬೈತಾರೆ.”

ನಾನು ಬೇರೆ ಬೇರೆ ಎಂದುಕೊಂಡಿದ್ದ ಎರಡು ಅರ್ಥಗಳನ್ನು ಅವಳು ಕೂಡಿಸಿದ್ದಳು. ಒಂದು ಗೊಂಚಲಿನ ಹಣ್ಣುಗಳೆಲ್ಲ ಒಟ್ಟಿಗೆ ಮಾಗುವುದಿಲ್ಲ. ಹೂ ಬಿಟ್ಟ ಮೇಲೆ ಅರೇಬಿಕಾ ಮಾಗಲು ಸುಮಾರು 8–9 ತಿಂಗಳು, ರೋಬಸ್ಟಾಕ್ಕೆ 10–11 ತಿಂಗಳು ಬೇಕು. ಹಾಗಾಗಿ ಒಂದೇ ಗಿಡಕ್ಕೆ ಮತ್ತೆ ಮತ್ತೆ ಹೋಗಿ, ಆರಿಸಿ ಕೊಯ್ಯಬೇಕು. ಮುಂದಿನ ಹತ್ತು ನಿಮಿಷ ನನ್ನ ಜೀವವಿಜ್ಞಾನವೂ ಕೆಲಸಕ್ಕೆ ಬಂತು.

ಮೌಲ್ಯಮಾಪನ: ಮನೆಯವರ ಕೆಲಸದ ಬಗ್ಗೆ ‘ಪಿಕ್’ ಬಳಸಿ ಎರಡು ವಾಕ್ಯ ಬರೆಯಲು ಹೇಳಿದೆ. ಅವಳ ಮೊದಲ ವಾಕ್ಯ: ‘ಮೈ ಮದರ್ ಪಿಕ್ಸ್ ಕಾಫಿ.’

ಸಹಪ್ರಶಿಕ್ಷಣಾರ್ಥಿಗಳಿಗೆ ನನ್ನ ಸಲಹೆ: ಪೂರ್ವಜ್ಞಾನ ಪರೀಕ್ಷೆಯನ್ನು ಪಾಠಯೋಜನೆಯ ಅಂಕಣ ತುಂಬಿಸಲೆಂದು ಬರೆಯಬೇಡಿ. ‘ಈ ಪದ ನಿಮ್ಮ ಮನೆಯಲ್ಲಿ, ತೋಟದಲ್ಲಿ ಕೇಳಿದ್ದೀರಾ?’ ಎಂದು ಮೊದಲೇ ಕೇಳಿದ್ದರೆ ಆ ತಪ್ಪು ಗುರುತು ಬೀಳುತ್ತಿರಲಿಲ್ಲ.