ಹಿಂದಿರುಗಿ ಬಂದವನು ಒಬ್ಬನೇ

ಓದಿಕೊಳ್ಳಿ: ಲೂಕ 17:11-19, 18:9-14



ಒಂದು ದೃಶ್ಯವನ್ನು ಕಲ್ಪಿಸಿಕೊಳ್ಳೋಣ. ಚನ್ನಪಟ್ಟಣ ತಾಲ್ಲೂಕಿನ ಬೈರಾಪಟ್ಟಣದಂಥ ಒಂದು ಊರು. ವಿದೇಶದಿಂದ ಕೆಲವು ಕ್ರೈಸ್ತ ಯುವಜನರು ಎರಡು ವಾರದ ಸೇವೆಗೆಂದು ಬಂದಿದ್ದಾರೆ. ಶಾಲೆಗೆ ಸುಣ್ಣ ಬಳಿಯುತ್ತಾರೆ, ಮಕ್ಕಳಿಗೆ ಹಾಡು ಕಲಿಸುತ್ತಾರೆ. ಅವರಲ್ಲಿ ಒಬ್ಬ ಹುಡುಗಿ ಒಂದು ಮನೆಯಲ್ಲಿ ಊಟಕ್ಕೆ ಕೂತಿದ್ದಾಳೆ. ಅಜ್ಜಿ "ಇನ್ನೊಂದ್ ತುತ್ತು ಉಣ್ಣವ್ವ" ಎಂದು ಮುದ್ದೆಗೆ ಸಾರು ಬಿಡುತ್ತಾಳೆ. ಹುಡುಗಿಯ ಕಣ್ಣು ತುಂಬುತ್ತದೆ. "ಇವರಿಗೆ ಏನೂ ಇಲ್ಲ, ಆದರೂ ಎಷ್ಟು ಸಂತೋಷವಾಗಿದ್ದಾರೆ! ನನಗೆ ಇಷ್ಟೆಲ್ಲ ಕೊಟ್ಟ ದೇವರಿಗೆ ಸ್ತೋತ್ರ" ಎಂದು ಗೆಳತಿಗೆ ಇಂಗ್ಲಿಷಿನಲ್ಲಿ ಹೇಳುತ್ತಾಳೆ.

ಕಾಲೇಜು ಓದುವ ಮೊಮ್ಮಗಳಿಗೆ ಆ ಮಾತು ಅರ್ಥವಾಗುತ್ತದೆ. ರಾತ್ರಿ ಅವಳು, "ನಮ್ಗೇನೂ ಇಲ್ವಂತೆ ಅಜ್ಜಿ" ಎನ್ನುತ್ತಾಳೆ. ಅಜ್ಜಿ ಕೇಳುತ್ತಾಳೆ: "ಹಂಗಾದ್ರೆ ಅವ್ಳು ಉಂಡಿದ್ದು ಯಾರ ಮನೆ ಮುದ್ದೆ?"

ಆ ಹುಡುಗಿ ಕೆಟ್ಟವಳಲ್ಲ. ಆಕೆಯ ಕಣ್ಣೀರೂ ನಿಜವೇ. ಆದರೆ ಅಜ್ಜಿಯ ಪ್ರಶ್ನೆ ನಮ್ಮೆಲ್ಲರ ಕೃತಜ್ಞತೆಯನ್ನು ಒರೆಗೆ ಹಚ್ಚುತ್ತದೆ.

ಮೊದಲನೆಯ ಪಾಠ: ಹೋಲಿಕೆ ಕೃತಜ್ಞತೆಯಲ್ಲ

ಸಂತ ಲೂಕನ ಶುಭಸಂದೇಶದಲ್ಲಿ ದೇವರಿಗೆ ವಂದನೆ ಹೇಳುವ ಇಬ್ಬರು ಹತ್ತಿರ ಹತ್ತಿರದಲ್ಲೇ ಸಿಗುತ್ತಾರೆ. ಹದಿನೇಳನೆಯ ಅಧ್ಯಾಯದಲ್ಲಿ ಗುಣಹೊಂದಿದ ಹತ್ತು ಮಂದಿ ಕುಷ್ಠರೋಗಿಗಳ ಪೈಕಿ ಸಮಾರಿಯದವನೊಬ್ಬ ಹಿಂದಿರುಗಿ ಬಂದು ಪ್ರಭುವಿನ ಪಾದಕ್ಕೆ ಬೀಳುತ್ತಾನೆ. ಮುಂದಿನ ಅಧ್ಯಾಯದಲ್ಲಿ ಫರಿಸಾಯನೊಬ್ಬ ದೇವಾಲಯದಲ್ಲಿ ನಿಂತು, ತಾನು ಇತರರಂತೆ ಅಲ್ಲವೆಂದು ದೇವರಿಗೆ ವಂದಿಸುತ್ತಾನೆ. ಒಬ್ಬನು ತನಗೆ ಒಳಿತು ಮಾಡಿದವನ ಮುಖ ನೋಡಿದನು. ಇನ್ನೊಬ್ಬನು ಹಿಂದೆ ನಿಂತಿದ್ದ ಸುಂಕದವನನ್ನು ನೋಡಿದನು.

ಬಡವರನ್ನು ಕಂಡು "ಸದ್ಯ, ನಾನು ಹೀಗಿಲ್ಲವಲ್ಲ" ಎಂದುಕೊಳ್ಳುವಾಗ ನಾವು ಯಾರ ಸಾಲಿನಲ್ಲಿ ನಿಂತಿರುತ್ತೇವೆ? ವಿದೇಶದವರನ್ನು ದೂರುವ ಮೊದಲು, ಕ್ರಿಸ್ತಜಯಂತಿಯ ಸಮಯದಲ್ಲಿ ಅನಾಥಾಶ್ರಮಕ್ಕೆ ಕೇಕು ಕೊಂಡೊಯ್ದು ಫೋಟೋ ತೆಗೆಸಿಕೊಂಡು ಬರುವ ನಮ್ಮನ್ನೂ ಕೇಳಿಕೊಳ್ಳೋಣ.

ಎರಡನೆಯ ಪಾಠ: ಹೋದವನೇ ಅತಿಥಿ

ಪ್ರಭು ಎಪ್ಪತ್ತೆರಡು ಮಂದಿಯನ್ನು ಕಳುಹಿಸುವಾಗ ಹಣದ ಚೀಲ ಬೇಡವೆಂದರು. ಕೊಟ್ಟದ್ದನ್ನು ಉಣ್ಣಬೇಕೆಂದರು (ಲೂಕ 10). ಅಂದರೆ ಪ್ರೇಷಿತನು ಮೊದಲು ಪಡೆಯಲು ಕಲಿಯಬೇಕು, ನಂತರ ಕೊಡಲು.

ನಮ್ಮ ನಾಡಿಗೆ ಬಂದ ಹಿರಿಯರೂ ಹೀಗೆಯೇ ಕಲಿತರು. 1640ರ ದಶಕದ ಕೊನೆಯಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಯೇಸುಸಭೆಯ ಲಿಯೊನಾರ್ದೊ ಚಿನ್ನಾಮಿ ಸ್ವಾಮಿಯವರು ಇಲ್ಲಿನ ಜನರಿಂದ ಕನ್ನಡವನ್ನು ಕಲಿತು, ಆ ಭಾಷೆಯಲ್ಲೇ ಧರ್ಮೋಪದೇಶ ಬರೆದರು. ಫ್ರಾನ್ಸಿನ ಅಬ್ಬೆ ದುಬುವಾ 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ಮೈಸೂರು ಸೀಮೆಗೆ ಬಂದರು. ಇಲ್ಲಿನ ಉಡುಗೆ ಉಟ್ಟರು, ಇಲ್ಲಿನ ಊಟ ಉಂಡರು. ಜನ ಅವರನ್ನು ದೊಡ್ಡ ಸ್ವಾಮಿಯವರೆಂದು ಕರೆದರು. ಸಿಡುಬಿಗೆ ಲಸಿಕೆ ಹಾಕಿಸುವ ಕೆಲಸದಲ್ಲಿ ಅವರು ಮುಂದೆ ನಿಂತರು. 1803-04ರಲ್ಲಿ ಲಸಿಕೆ ಪಡೆದವರು 25 ಸಾವಿರಕ್ಕೂ ಹೆಚ್ಚು ಎಂದು ದಾಖಲೆಯಿದೆ.

ಆದರೆ ಸುಮಾರು ಮೂವತ್ತು ವರ್ಷ ದುಡಿದು 1823ರಲ್ಲಿ ಅವರು ಮರಳಿದ್ದು ನಿರಾಶೆಯಿಂದ. ತಮ್ಮ ಧರ್ಮಪ್ರಚಾರ ಫಲ ಕೊಡಲಿಲ್ಲವೆಂದೇ ಬರೆದರು. ಅವರ ಬರಹದಲ್ಲಿ ನಮ್ಮ ಜನರ ಬಗ್ಗೆ ಕಠಿಣ ಮಾತುಗಳೂ ಇವೆ. ಆದರೂ ಸಿಡುಬಿನಿಂದ ಉಳಿದ ಮಕ್ಕಳು ಬೆಳೆದರು, ಅವರಿಗೂ ಮಕ್ಕಳಾದವು. ಕೊಟ್ಟವನ ಲೆಕ್ಕದಲ್ಲಿ ಸೋಲು ಎನಿಸಿದ್ದು ಪಡೆದವನ ಬಾಳಿನಲ್ಲಿ ವರವಾಗಬಹುದು. ಮೂವತ್ತು ವರ್ಷ ಇದ್ದವರಿಗೇ ಈ ನಾಡು ಪೂರ್ತಿ ಅರ್ಥವಾಗಲಿಲ್ಲವೆಂದರೆ, ಎರಡು ವಾರಕ್ಕೆ ಬಂದವರು ದೀನತೆಯಿಂದಲೇ ಇರಬೇಕಲ್ಲವೇ?

ಮೂರನೆಯ ಪಾಠ: ವಂದನೆಗೆ ಕೈಕಾಲು ಬೇಕು

2023ರಲ್ಲಿ ಬೆಂಗಳೂರು-ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾದ ಮೇಲೆ ಕಾರುಗಳು ರಾಮನಗರ, ಚನ್ನಪಟ್ಟಣಗಳ ಪೇಟೆಯನ್ನು ಹೊಕ್ಕದೆಯೇ ಹೊರಗಿನಿಂದ ಸಾಗಿಹೋಗುತ್ತವೆ. ನಮ್ಮ ಕೃತಜ್ಞತೆಯೂ ಹಾಗೆಯೇ ಮನುಷ್ಯರನ್ನು ಬಳಸಿಕೊಂಡು ಹೊರಗಿನಿಂದಲೇ ಹೋಗಬಾರದು. ಮದುವೆಯ ರೇಷ್ಮೆ ಸೀರೆಗೆ ದೇವರನ್ನು ವಂದಿಸುತ್ತೇವೆ; ಬಿಸಿನೀರಿನಲ್ಲಿ ಬೆರಳದ್ದಿ ಗೂಡಿನಿಂದ ನೂಲು ಬಿಚ್ಚಿದ ಹೆಂಗಸನ್ನು ನೆನೆಯುತ್ತೇವೆಯೇ? ಮಗುವಿನ ಕೈಗೆ ಚನ್ನಪಟ್ಟಣದ ಬೊಂಬೆ ಕೊಡುತ್ತೇವೆ. ಮರ ಕಡೆದು ಅರಗಿನ ಬಣ್ಣ ಕೊಟ್ಟ ಕುಶಲಕರ್ಮಿಯ ಹತ್ತಿರ ಹತ್ತು ರೂಪಾಯಿಗೆ ಚೌಕಾಸಿ ಮಾಡುತ್ತೇವೆ. ನ್ಯಾಯವಾದ ಬೆಲೆಯೂ ಒಂದು ವಂದನೆಯೇ.

ಸಮಾರಿಯದವನು ಇದ್ದಲ್ಲಿಂದಲೇ ಕೈಮುಗಿದು ಸುಮ್ಮನಾಗಲಿಲ್ಲ. ಹೊರಟಿದ್ದ ದಾರಿಯನ್ನು ಬಿಟ್ಟು ಹಿಂದಿರುಗಿದನು. ನಾವು ಅರ್ಪಿಸುವ ಬಲಿಪೂಜೆಗೆ ಗ್ರೀಕ್ ಭಾಷೆಯಲ್ಲಿರುವ 'ಯೂಕರಿಸ್ತಿಯ' ಎಂಬ ಹೆಸರಿನ ಅರ್ಥವೇ ಕೃತಜ್ಞತೆ. ಪ್ರತಿ ಭಾನುವಾರ ನಾವೂ ಹಿಂದಿರುಗಿ ಬರುವವರೇ.

ಮನೆಯಲ್ಲಿ ಮಾಡೋಣ

2015ರಲ್ಲಿ ಪೋಪ್ ಫ್ರಾನ್ಸಿಸ್‌ರವರು ಕುಟುಂಬಗಳಿಗೆ ನೆನಪಿಸಿದ ಮೂರು ಮಾತುಗಳಲ್ಲಿ ವಂದನೆ ಒಂದು. ಅನುಮತಿ ಕೇಳುವುದು ಮತ್ತು ಕ್ಷಮೆ ಬೇಡುವುದು ಉಳಿದೆರಡು. ಈ ವಾರ ರಾತ್ರಿ ಜಪಸರದ ನಂತರ ಮನೆಯವರೆಲ್ಲ ಕೂತು ಯೋಚಿಸಿ:

1. ಇಂದು ನಾವು ಉಂಡದ್ದು ಯಾರ ಯಾರ ದುಡಿಮೆ?

2. ನಾವು "ಏನೂ ಇಲ್ಲದವರು" ಎಂದುಕೊಂಡವರಿಂದ ಏನನ್ನು ಪಡೆದಿದ್ದೇವೆ?

3. ಹಿಂದಿರುಗಿ ಹೋಗಿ ವಂದನೆ ಹೇಳಬೇಕಾದವರು ಯಾರಿದ್ದಾರೆ? ಯಾವಾಗ ಹೋಗುತ್ತೇವೆ?

ಪ್ರಾರ್ಥನೆ: ಪ್ರಭುವೇ, ಪಡೆದುಕೊಂಡು ಹೊರಟುಹೋದ ಒಂಬತ್ತು ಮಂದಿಯಲ್ಲಿ ನಾವೂ ಇದ್ದೇವೆ. ನಮ್ಮನ್ನು ಹಿಂದಕ್ಕೆ ಕರೆಯಿರಿ. ಕೊಟ್ಟವರ ಮುಖ ನೋಡಿ ವಂದಿಸುವ ದೀನತೆಯನ್ನು ಕೊಡಿರಿ. ಆಮೆನ್.