ಭಾರಲೋಹ ಸೇರಿದ ಭೂಮಿಯಲ್ಲಿ ಕಾಯಿಪಲ್ಲೆಯ ಬೆಳೆ: ಸಸ್ಯಚೋದಕಗಳ ಉಪಯೋಗವೂ ಅದರ ಮೇರೆಯೂ

ರಾಣೆಬೆನ್ನೂರು ತಾಲೂಕಿನಲ್ಲಿ ಕಾಯಿಪಲ್ಲೆಯ ಬೀಜೋತ್ಪಾದನೆಯು ಹಲವು ದಶಕಗಳಿಂದ ನಡೆದುಬಂದಿರುವದರಿಂದ ಮೇಡ್ಲೇರಿಯ ಸುತ್ತಿನ ಒಕ್ಕಲಿಗರಿಗೆ ಸಸ್ಯಚೋದಕಗಳ ಹೆಸರು ಹೊಸದಲ್ಲ. ಮೆಣಸಿನ ಗಿಡದ ಹೂವು ಉದುರದಿರಲೆಂದು ಸಿಂಪಡಿಸುವ ಪ್ಲಾನೋಫಿಕ್ಸ್ ಎಂಬ ಔಷಧಿಯೂ ಅಂಥ ಒಂದು ಚೋದಕವೇ. ಶಾಸ್ತ್ರಜ್ಞರು ಇವನ್ನು ಹಾರ್ಮೋನುಗಳೆಂದು ಕರೆಯುವರು. ಗಿಡದೊಳಗೆ ಅತ್ಯಲ್ಪ ಪ್ರಮಾಣದಲ್ಲಿ ಹುಟ್ಟಿ, ಬೇರು ಬಿಡು, ಚಿಗುರು, ಹೂವಾಗು, ಎಲೆ ಉದುರಿಸು ಎಂದು ಅಂಗಾಂಗಗಳಿಗೆ ಅಪ್ಪಣೆ ಒಯ್ಯುವ ದ್ರವ್ಯಗಳಿವು. ಇವುಗಳಿಗೆ ಇನ್ನೂ ಒಂದು ಗುಣವುಂಟೆಂದೂ, ಭೂಮಿಯಲ್ಲಿ ಸೇರಿದ ವಿಷಲೋಹಗಳ ಬಾಧೆಯನ್ನು ಗಿಡವು ತಾಳಿಕೊಳ್ಳುವಂತೆ ಮಾಡುವವೆಂದೂ ಪ್ರಯೋಗಶಾಲೆಗಳಿಂದ ತಿಳಿದುಬಂದಿದೆ. ಮಾತು ನಿಜವೇ. ಆದರೆ ಅದರ ಅರ್ಧವನ್ನು ಮಾತ್ರ ಕೇಳಿ ಔಷಧಿಯನ್ನು ಕೊಂಡವನು ಹಣಕ್ಕಿಂತ ಹೆಚ್ಚಿನದನ್ನು ಕಳೆದುಕೊಳ್ಳುವ ಸಂಭವವಿದೆ.

ಕ್ಯಾಡ್ಮಿಯಂ, ಸೀಸ, ಕ್ರೋಮಿಯಂ, ನಿಕ್ಕೆಲ್, ಪಾದರಸ ಮೊದಲಾದವುಗಳಿಗೆ ಭಾರಲೋಹಗಳೆಂದು ಹೆಸರು. ಇವು ಕಾರ್ಖಾನೆಯ ಹೊಲಸು ನೀರಿನಿಂದಲೂ, ಪಟ್ಟಣದ ಗಟಾರದ ನೀರಿನಿಂದಲೂ, ಕಸದ ಗೊಬ್ಬರದಿಂದಲೂ ಹೊಲವನ್ನು ಸೇರುವವು. ರಂಜಕದ ಗೊಬ್ಬರಗಳನ್ನು ತಯಾರಿಸುವ ಕಲ್ಲಿನಲ್ಲಿಯೇ ಸ್ವಲ್ಪ ಕ್ಯಾಡ್ಮಿಯಂ ಇರುವದುಂಟು. ಬೆಂಗಳೂರಿನ ಹೊಲಸನ್ನು ಹೊತ್ತ ವೃಷಭಾವತಿಯು ಬಿಡದಿಯ ಹತ್ತಿರದ ಬೈರಮಂಗಲದ ಕೆರೆಗೆ ಬಂದು ಬೀಳುವದು. ಆ ನೀರು ಹಾಯ್ದ ಮಣ್ಣಿನಲ್ಲಿಯೂ ಕಾಯಿಪಲ್ಲೆಯಲ್ಲಿಯೂ ಈ ಲೋಹಗಳು ಇರುವದನ್ನು ಪರೀಕ್ಷೆಗಳು ತೋರಿಸಿವೆ. ಬೆಂಗಳೂರು ದೂರದ ಮಾತಾಯಿತೆಂದು ಯಾರೂ ಭಾವಿಸಬೇಕಾಗಿಲ್ಲ. ಕಾರ್ಖಾನೆಯ ನೀರಿನಿಂದ ತುಂಗಭದ್ರೆಯು ಕೆಡುತ್ತಿರುವಳೆಂದು ಈ ಭಾಗದ ನದೀತೀರದ ಹಳ್ಳಿಗಳವರು 1980ರ ದಶಕದಲ್ಲಿ ಮೊರೆಯಿಟ್ಟುದು ಹಿರಿಯರಿಗೆ ನೆನಪಿರಬಹುದು.

ಈ ಲೋಹಗಳಲ್ಲಿ ಕ್ಯಾಡ್ಮಿಯಂ ಬಹಳ ಕಪಟದ್ದು. ಅದಕ್ಕೂ ಸತುವಿಗೂ ರೂಪಸಾಮ್ಯವಿರುವದರಿಂದ ಸತು, ಕಬ್ಬಿಣ, ಸುಣ್ಣಗಳನ್ನು ಹೀರಲು ಬೇರಿನಲ್ಲಿರುವ ಬಾಗಿಲುಗಳಿಂದಲೇ ಅದು ಒಳನುಗ್ಗುವದು. ಒಳಹೊಕ್ಕ ಮೇಲೆ ಬೇರಿನ ತುದಿ ಮೊಂಡಾಗುವದು, ಎಲೆಯ ಹಸುರು ಬಿಳಿಚುವದು, ಗಿಡವು ಕುಳ್ಳಾಗುವದು. ಜೀವಕೋಶಗಳನ್ನು ಸುಡುವ ಒಂದು ಬಗೆಯ ಉಗ್ರ ಆಮ್ಲಜನಕವು ಗಿಡದೊಳಗೆ ಹೆಚ್ಚುವದೇ ಇದಕ್ಕೆ ಮುಖ್ಯ ಕಾರಣ. ಗಿಡವಾದರೂ ಸುಮ್ಮನೆ ಕೂಡುವದಿಲ್ಲ. ಆ ಉರಿಯನ್ನು ಆರಿಸುವ ಕಿಣ್ವಗಳನ್ನು ಹುಟ್ಟಿಸುವದು; ಗಂಧಕವುಳ್ಳ ಸಣ್ಣ ದ್ರವ್ಯಗಳಿಂದ ಲೋಹವನ್ನು ಕಟ್ಟಿ, ಕೋಶದೊಳಗಿನ ನೀರಿನ ಚೀಲದಲ್ಲಿ ಕೂಡಿಹಾಕುವದು.

ಚೋದಕವು ಸಹಾಯ ಮಾಡುವದು ಇಲ್ಲಿಯೇ. 1979ರಲ್ಲಿ ಸಾಸಿವೆಯ ಜಾತಿಯ ಒಂದು ಗಿಡದ ಹೂವಿನ ಪರಾಗದಿಂದ ಬ್ರಾಸಿನೊಲೈಡ್ ಎಂಬ ಚೋದಕವನ್ನು ಬೇರ್ಪಡಿಸಲಾಯಿತು. ಈ ವರ್ಗದ ದ್ರವ್ಯವನ್ನು ಅಲಿಗಢದ ಮುಸ್ಲಿಂ ವಿಶ್ವವಿದ್ಯಾಲಯದವರು ಕ್ಯಾಡ್ಮಿಯಂ ಕೊಟ್ಟ ಟೊಮೆಟೊ ಗಿಡಗಳಿಗೂ, ಅಮೃತಸರದ ಗುರು ನಾನಕ್ ದೇವ್ ವಿಶ್ವವಿದ್ಯಾಲಯದವರು ಕ್ರೋಮಿಯಂ ಕೊಟ್ಟ ಮೂಲಂಗಿಯ ಸಸಿಗಳಿಗೂ ಪ್ರಯೋಗಿಸಿ ನೋಡಿದರು. ಚೋದಕ ದೊರೆತ ಗಿಡಗಳಲ್ಲಿ ಉರಿಯನ್ನು ಆರಿಸುವ ಕಿಣ್ವಗಳು ಹೆಚ್ಚಿ ಬೆಳವಣಿಗೆಯು ಸುಧಾರಿಸಿತು. ಸ್ಯಾಲಿಸಿಲಿಕ್ ಆಮ್ಲವೂ ಇಂಥ ಕೆಲಸ ಮಾಡುವದು, ಬೆಲೆಯೂ ಅಗ್ಗ. ಪ್ರಯೋಗಗಳಲ್ಲಿ ಅದನ್ನು ಲೀಟರು ನೀರಿಗೆ ಸುಮಾರು 70 ಮಿಲಿಗ್ರಾಂ, ಅಂದರೆ 10 ಲೀಟರಿಗೆ ಮುಕ್ಕಾಲು ಗ್ರಾಮಿಗೂ ಕಡಿಮೆ, ಬೆರೆಸಿ ಬೀಜ ನೆನೆಸಲು ಇಲ್ಲವೆ ಎಲೆಗೆ ಸಿಂಪಡಿಸಲು ಬಳಸುವದುಂಟು. ಒಂದು ಚಿಟಿಕೆ ಒಳ್ಳೆಯದಾದರೆ ಒಂದು ಮುಷ್ಟಿ ಇನ್ನೂ ಒಳ್ಳೆಯದೆಂಬ ರೂಢಿಯ ಲೆಕ್ಕ ಇಲ್ಲಿ ಸಲ್ಲದು. ಅಳತೆ ಮೀರಿದರೆ ಚೋದಕವೇ ಗಿಡವನ್ನು ಕುಗ್ಗಿಸುವದು. ಈ ಪ್ರಯೋಗಗಳಲ್ಲಿ ಹೆಚ್ಚಿನವು ಕುಂಡದಲ್ಲಿಯೂ ಗಾಜಿನ ಪಾತ್ರೆಯಲ್ಲಿಯೂ ನಡೆದವುಗಳೆಂಬದನ್ನು ಸಹ ಮರೆಯಲಾಗದು.

ಇನ್ನು ಮಾತಿನ ಉಳಿದರ್ಧ. ಗಿಡವು ವಿಷವನ್ನು ತಾಳಿಕೊಳ್ಳುವದೇ ಬೇರೆ, ವಿಷವನ್ನು ಒಳಗೆ ಬಿಡದಿರುವದೇ ಬೇರೆ. ಕೆಲವು ಪ್ರಯೋಗಗಳಲ್ಲಿ ಚೋದಕದಿಂದ ಲೋಹದ ಹೀರುವಿಕೆ ತಗ್ಗಿದ್ದುಂಟು. ಆದರೆ ಯಾವಾಗಲೂ ಹಾಗಾಗದು. ಗಿಡವು ಹುಲುಸಾಗಿ ಬೆಳೆದಾಗ ಮೊದಲಿನಷ್ಟೇ ಲೋಹವು ಹೆಚ್ಚು ತೂಕದಲ್ಲಿ ಹಂಚಿಹೋಗುವದರಿಂದ ಕಿಲೋ ಒಂದಕ್ಕೆ ಕಡಿಮೆಯೆಂದು ತೋರುವದೂ ಉಂಟು. ಚೋದಕವು ಮಣ್ಣಿನಿಂದ ಒಂದು ಗುಂಜಿ ಲೋಹವನ್ನೂ ತೆಗೆದುಹಾಕದು. ಬಾಡಿದ ಪಾಲಕವನ್ನು ಸಂತೆಯಲ್ಲಿ ಯಾರೂ ಕೊಳ್ಳರು. ಔಷಧಿಯ ಬಲದಿಂದ ಹಸುರಾಗಿ ನಿಂತ ಪಾಲಕವನ್ನು ತಾಯಂದಿರು ಆರಿಸಿ ಒಯ್ಯುವರು. ಹೀಗೆ ಬೆಳೆದವನ ನಷ್ಟವು ತಿನ್ನುವವನ ಮೈಗೆ ವರ್ಗವಾಗುವದು. ಕ್ಯಾಡ್ಮಿಯಂ ಮೂತ್ರಪಿಂಡದಲ್ಲಿ ಹತ್ತಾರು ವರ್ಷ ನಿಲ್ಲುವಂಥದು. ಜಪಾನಿನ ಜಿಂಜೂ ನದಿಯ ತೀರದಲ್ಲಿ ಗಣಿಯ ನೀರು ಹಾಯ್ದ ಗದ್ದೆಗಳ ಅಕ್ಕಿಯನ್ನು ಉಂಡವರ ಎಲುಬುಗಳು ಮೆತ್ತಗಾಗಿ ಮುರಿದವು. ಇದಕ್ಕೆ ಕ್ಯಾಡ್ಮಿಯಮೇ ಕಾರಣವೆಂದು ಅಲ್ಲಿಯ ಸರಕಾರವು 1968ರಲ್ಲಿ ಒಪ್ಪಿತು.

ಆದುದರಿಂದ ಭೂಮಾಲಕರು ಮೊದಲು ಲೋಹವು ಗಿಡವನ್ನು ಸೇರದಂತೆ ನೋಡಿ, ಚೋದಕದ ವಿಚಾರವನ್ನು ಆ ಮೇಲೆ ಮಾಡತಕ್ಕದ್ದು. ಸುಣ್ಣದ ಅಂಶವುಳ್ಳ ಎರೆಭೂಮಿಯು ಲೋಹಗಳನ್ನು ಬಹುಮಟ್ಟಿಗೆ ಹಿಡಿದಿಡುವದು. ಹುಳಿಯುಳ್ಳ ಮಸಾರಿ ಮತ್ತು ಮರಳು ಭೂಮಿಗಳು ಸುಲಭವಾಗಿ ಬಿಟ್ಟುಕೊಡುವವು. ಎಕರೆಗೆ 10 ಟನ್ನು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಹಾಕುವದರಿಂದ ಹಿಡಿತವು ಹೆಚ್ಚುವದು. ಸತುವಿನ ಕೊರತೆಯಿರುವ ಭೂಮಿಗೆ ಎಕರೆಗೆ 8ರಿಂದ 10 ಕಿಲೋ ಸತುವಿನ ಸಲ್ಫೇಟು ಕೊಟ್ಟರೆ ಬೆಳೆಗೂ ಹಿತ, ಕ್ಯಾಡ್ಮಿಯಮ್ಮಿಗೂ ಬಾಗಿಲು ಇಕ್ಕಟ್ಟಾಗುವದು. ಉಪ್ಪುನೀರು ಕ್ಯಾಡ್ಮಿಯಮ್ಮನ್ನು ಕರಗಿಸಿ ಬೇರಿಗೆ ಒಪ್ಪಿಸುವದರಿಂದ ಸವಳು ಬಾವಿಯ ನೀರಿನ ಮೇಲೆ ವಿಶೇಷ ಲಕ್ಷ್ಯವಿರಬೇಕು. ಪಟ್ಟಣದ ಕಸದ ಗೊಬ್ಬರವನ್ನು ಕೊಳ್ಳುವಾಗ ಪರೀಕ್ಷೆಯ ಪತ್ರವನ್ನು ಕೇಳಿ ಪಡೆಯಬೇಕು; ಕಿಲೋ ಒಂದಕ್ಕೆ ಕ್ಯಾಡ್ಮಿಯಂ 5, ಸೀಸ 100 ಮಿಲಿಗ್ರಾಮುಗಳನ್ನು ಮೀರಕೂಡದೆಂದು ಕಾಯಿದೆಯಿದೆ.

ಬೆಳೆಯ ಆಯ್ಕೆಯೂ ದೊಡ್ಡ ಉಪಾಯವೇ. ಪಾಲಕ, ರಾಜಗಿರಿ ಮೊದಲಾದ ಸೊಪ್ಪುಗಳು ಎಲ್ಲಕ್ಕಿಂತ ಹೆಚ್ಚು ಲೋಹವನ್ನು ಕೂಡಿಹಾಕುವವು. ಗಜ್ಜರಿ, ಮೂಲಂಗಿಗಳಿಗೆ ಅದರ ಕೆಳಗಿನ ಸ್ಥಾನ. ಬೆಂಡೆ, ಸವತೆ, ಅವರೆಯಂಥ ಕಾಯಿಗಳಲ್ಲಿ ಸಾಮಾನ್ಯವಾಗಿ ಕಡಿಮೆ. ಮೆಣಸಿನಕಾಯಿಯ ಮಾತು ಬೇರೆ. ಬ್ಯಾಡಗಿಯ ಪೇಟೆಗೆ ಹೋಗುವದು ಒಣಗಿದ ಕಾಯಿ. ನಾಲ್ಕೈದು ಕಿಲೋ ಹಣ್ಣು ಒಣಗಿ ಒಂದು ಕಿಲೋ ಆಗುವಾಗ ನೀರು ಹೋಗುವದು, ಲೋಹ ಉಳಿಯುವದು. ದಾರಿಯ ಬದಿಯಲ್ಲಿ ಒಣಹಾಕಿದರೆ ಧೂಳಿನೊಡನೆ ಸೀಸವೂ ಸೇರೀತು. ಭಾರತದಲ್ಲಿ ಸೀಸ ಬೆರೆತ ಪೆಟ್ರೋಲಿನ ಮಾರಾಟವು 2000ದಲ್ಲಿ ನಿಂತರೂ ಅದುವರೆಗೆ ದಾರಿಯ ಮಣ್ಣಿಗೆ ಬಿದ್ದ ಸೀಸವು ಎಲ್ಲಿಯೂ ಹೋಗಿಲ್ಲ.

ಭೂಮಿಯಲ್ಲಿ ಲೋಹವುಂಟೋ ಇಲ್ಲವೋ ಎಂಬದನ್ನು ಕಣ್ಣಿನಿಂದ ತಿಳಿಯಲಾಗದು. 2015ರಲ್ಲಿ ಆರಂಭವಾದ ಮಣ್ಣಿನ ಆರೋಗ್ಯ ಚೀಟಿಯಲ್ಲಿ 12 ಬಾಬುಗಳಿವೆ; ಸತು, ತಾಮ್ರಗಳ ಲೆಕ್ಕ ಅದರಲ್ಲಿದೆ, ಕ್ಯಾಡ್ಮಿಯಂ ಸೀಸಗಳದಿಲ್ಲ. ಚೀಟಿ ಚೆನ್ನಾಗಿದೆಯೆಂದು ನಿಶ್ಚಿಂತರಾಗಿರುವವರು ಇದನ್ನು ಗಮನಿಸಬೇಕು. ಸಂಶಯವಿರುವ ನೀರು ಹಾಯುವ ಊರಿನ ಮುಖಂಡರು ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ, ಭಾರಲೋಹಗಳ ಪರೀಕ್ಷೆಯನ್ನು ಬೇರೆಯಾಗಿಯೇ ಮಾಡಿಸತಕ್ಕದ್ದು. ಚೋದಕವನ್ನು ಬಳಸಿ ನೋಡುವವರು ಒಂದೇ ಬೀಜದ ಕೆಲವು ಸಾಲುಗಳನ್ನು ಔಷಧಿ ಕೊಡದೆ ಬಿಟ್ಟು, ಎರಡೂ ಭಾಗದ ಫಸಲನ್ನು ಪರೀಕ್ಷೆಗೆ ಕಳಿಸಬೇಕು. ತೂಕ ಹೆಚ್ಚಿತೆಂಬದಷ್ಟೇ ಸಾಲದು. ಸೊಪ್ಪಿನಲ್ಲಿ ಕಿಲೋ ಒಂದಕ್ಕೆ 0.2, ಕಾಯಿಗಳಲ್ಲಿ 0.05 ಮಿಲಿಗ್ರಾಂ ಕ್ಯಾಡ್ಮಿಯಂ ಎಂಬದು ಅಂತರರಾಷ್ಟ್ರೀಯ ಆಹಾರ ನಿಯಮಾವಳಿಯ ಮೇರೆ. ಅದನ್ನು ಮೀರಿದ ಹೊಲದಲ್ಲಿ ಹತ್ತಿಯನ್ನೋ ಹೂವನ್ನೋ ಹಾಕುವದು ಲೇಸು. ಮಣ್ಣಿನ ಮಾದರಿಯನ್ನು 15 ಸೆಂಟಿಮೀಟರು ಆಳದವರೆಗೆ, ನೀರು ಹೊಲಕ್ಕೆ ಮೊದಲು ಬೀಳುವ ಬಾಯಿಯ ಹತ್ತಿರ ಒಂದು, ಹೊಲದ ತುದಿಯಲ್ಲಿ ಒಂದು ಬೇರೆ ಬೇರೆಯಾಗಿ ತೆಗೆಯಬೇಕು. ಲೋಹವು ಹೆಚ್ಚಾಗಿ ಕುಳಿತುಕೊಳ್ಳುವದು ಬಾಯಿಯ ಹತ್ತಿರವೇ. ತಗಡಿನ ಬಕೀಟಿನಲ್ಲಿ ಮಣ್ಣನ್ನು ಕೂಡಿಸಬಾರದು, ತಗಡಿನ ಸತುವು ಮಣ್ಣಿಗೆ ಹತ್ತುವದು. ಪ್ಲಾಸ್ಟಿಕ್ಕಿನ ಬುಟ್ಟಿಯೂ ಕಟ್ಟಿಗೆಯ ಸೌಟೂ ಸಾಕು.