ಗ್ಯಾಸ್ ಗೀಸರ್ ಕೆಟ್ಟಿತು ಅನ್ನುವ ಮೊದಲು ಪೈಪ್ ನೋಡಿ

ಚಿಂತಾಕಿ, ಔರಾದ್, ಭಾಲ್ಕಿ ಮತ್ತು ಬೀದರ್ ನಗರದಲ್ಲಿ ಗ್ಯಾಸ್ ಗೀಸರ್ ಹಾಕಿಸಿಕೊಂಡ ಎಲ್ಲ ಮನೆಯವರಿಗೆ:

ಚಳಿ ಬಿತ್ತೆಂದರೆ ಒಂದೇ ದೂರು. ನಳ ತಿರುವಿದರೂ ಗೀಸರ್ ಹೊತ್ತುವುದಿಲ್ಲ, ಹೊತ್ತಿದರೂ ಅರ್ಧ ಜಳಕದಲ್ಲಿ ಆರಿಬಿಡುತ್ತದೆ. ಗೀಸರಿನೊಳಗೆ ಡಯಾಫ್ರಮ್ ಎಂಬ ರಬ್ಬರ್ ಪೊರೆ ಇದೆ. ಹರಿಯುವ ನೀರು ಅದನ್ನು ಒತ್ತಿದಾಗ ಮಾತ್ರ ಗ್ಯಾಸ್ ಬಿಡುತ್ತದೆ, ಕಿಡಿ ಹಾರುತ್ತದೆ. ನೀರಿನ ರಭಸ ತಗ್ಗಿದರೆ ಬೆಂಕಿ ಆರಲೇಬೇಕು. ಅದು ದೋಷವಲ್ಲ, ನಿಮ್ಮ ಕಾವಲು.

ಮಾಡಬೇಕಾದ್ದು

ಟಾಕಿಯ ಎತ್ತರ ಅಳೆಯಿರಿ. ಒಂದಂತಸ್ತಿನ ಮನೆಗಳಲ್ಲಿ ಮೊದಲು ನೋಡಬೇಕಾದ್ದೇ ಇದು. 1 ಮೀಟರ್ ಎತ್ತರದ ನೀರು ಕೊಡುವ ಒತ್ತಡ ಸುಮಾರು 0.1 ಬಾರ್. 0.25 ಬಾರ್ ಬೇಡುವ ಗೀಸರಿಗೆ ಶವರಿಗಿಂತ 2.5 ಮೀಟರ್ ಮೇಲೆ ನೀರು ನಿಂತಿರಬೇಕು, ಪೈಪಿನ ತಿರುವುಗಳು ತಿನ್ನುವುದು ಬೇರೆ. ಟಾಕಿ ಮಾಳಿಗೆಯ ಮೇಲೆ ಹಾಗೇ ಕೂತಿದ್ದರೆ ಇಷ್ಟು ಸಿಗುವುದು ಕಷ್ಟ. ಬಕೆಟ್ಟಿನ ನಳಕ್ಕೆ ಹೊತ್ತಿ ಶವರಿಗೆ ಆರುತ್ತಿದ್ದರೆ ಮೊದಲ ಅನುಮಾನ ಇದರ ಮೇಲೇ ಇರಲಿ. ಕಟ್ಟೆ ಕಟ್ಟಿಸಿ ಟಾಕಿ ಏರಿಸಿ. ತುಂಬಿದ 500 ಲೀಟರ್ ಟಾಕಿ ಅರ್ಧ ಟನ್ ತೂಗುತ್ತದೆ, ಆದ್ದರಿಂದ ಮಾಳಿಗೆ ತಡೆಯುತ್ತದೆಯೇ ಎಂದು ತಿಳಿದವರಿಂದ ನೋಡಿಸಿಯೇ ಏರಿಸಿ.

ಟಾಕಿಯಿಂದ ಇಳಿಯುವ ಪೈಪ್ 1 ಇಂಚಿನದಿರಲಿ, ಅರ್ಧ ಇಂಚು ಗೀಸರಿನ ಹತ್ತಿರ ಮಾತ್ರ. ಪೈಪ್ ನಡುವೆ ಮೇಲೆದ್ದು ಮತ್ತೆ ಇಳಿದಿದ್ದರೆ ಅಲ್ಲಿ ಗಾಳಿ ಸಿಕ್ಕಿ ನೀರು ಬಿಟ್ಟುಬಿಟ್ಟು ಬರುತ್ತದೆ, ಬೆಂಕಿಯೂ ಹಾಗೇ ಹೊತ್ತಿ ಆರುತ್ತದೆ. ಟಾಕಿಯ ಬಾಯಿಗಿಂತ ಎತ್ತರಕ್ಕೆ ಗಾಳಿ ಪೈಪ್ ಹಾಕಿಸಿ.

ಗೀಸರಿಗೆ ನೀರು ಒಳಹೋಗುವಲ್ಲಿರುವ ಜಾಳಿಗೆ ತೆಗೆದು ತೊಳೆಯಿರಿ. ತಣ್ಣೀರು ಜೋರಾಗಿ ಬಂದು ಬಿಸಿನೀರು ಮಾತ್ರ ಸಣ್ಣಗಾದರೆ, ಜೊತೆಗೆ ಕುದಿಯುವ ಸದ್ದು ಕೇಳಿದರೆ, ಬೋರ್ ನೀರಿನ ಸುಣ್ಣ ಒಳಗಿನ ತಾಮ್ರದ ಪೈಪಿಗೆ ಕಟ್ಟಿದೆ. ಮೆಕ್ಯಾನಿಕ್‌ನಿಂದ ತೊಳೆಸಿ.

ಯಾರೂ ಬಿಸಿನೀರು ಬಿಡದೆ ಗೀಸರ್ ತಾನಾಗಿ ಹೊತ್ತಿದರೆ ಸಿಲಿಂಡರ್ ಕೂಡಲೇ ಬಂದ್ ಮಾಡಿ. ಬಿಸಿನೀರಿನ ಲೈನ್ ಎಲ್ಲೋ ಸೋರುತ್ತಿದೆ, ಇಲ್ಲವೇ ಮಿಕ್ಸರ್ ನಳದಲ್ಲಿ ಎರಡೂ ನೀರು ಕೂಡುತ್ತಿವೆ. ಪರೀಕ್ಷೆ ಸುಲಭ: ಗೀಸರಿಗೆ ಹೋಗುವ ನೀರಿನ ವಾಲ್ವ್ ಮುಚ್ಚಿ ಬಿಸಿನೀರಿನ ನಳ ಬಿಡಿ. ಒಂದು ಕ್ಷಣ ಹರಿದು ನಿಲ್ಲಬೇಕು. ನಿಲ್ಲದಿದ್ದರೆ ತಣ್ಣೀರು ಮಿಕ್ಸರಿನ ಮೂಲಕ ದಾಟಿ ಬರುತ್ತಿದೆ.

ಮಾಡಬಾರದ್ದು

ಬಚ್ಚಲಿನೊಳಗೆ ಗ್ಯಾಸ್ ಗೀಸರ್ ಬೇಡವೇ ಬೇಡ. ಮುಚ್ಚಿದ ಕೋಣೆಯಲ್ಲಿ ಉರಿದ ಗ್ಯಾಸಿನಿಂದ ಹುಟ್ಟುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಕ್ಕಳು, ಬಾಣಂತಿಯರು ಒಳಗಿಂದ ಚಿಲಕ ಹಾಕಿಕೊಂಡು ಜಳಕ ಮಾಡುವ ಜಾಗವದು. ಹೊರಗೆ, ಗಾಳಿಯಾಡುವ ಕಡೆ ಹಾಕಿಸಿ.

ನೀರು ಸಾಲದೆ ಹೊತ್ತದ ಗೀಸರನ್ನು ಪೊರೆ ಒತ್ತುವ ಸ್ವಿಚ್ಚಿನ ವೈರ್ ನೇರ ಜೋಡಿಸಿ ಹೊತ್ತಿಸಬೇಡಿ. ಹಾಗೆ ಮಾಡಿಕೊಡುತ್ತೇನೆ ಎನ್ನುವವನನ್ನು ಮನೆಯೊಳಗೆ ಬಿಡಬೇಡಿ.

ಬೋರ್ ಮೋಟರಿನ ಲೈನನ್ನು ನೇರ ಗೀಸರಿಗೆ ಕೊಡಬೇಡಿ, ಪೊರೆ ಹರಿಯುತ್ತದೆ.

ತಣ್ಣೀರಿನ ಯುಪಿವಿಸಿ ಪೈಪನ್ನು ಬಿಸಿನೀರಿಗೆ ಬಳಸಬೇಡಿ. ಮೆತ್ತಗಾಗಿ ಬಾಗುತ್ತದೆ, ಜೋಡಣೆ ಬಿಡುತ್ತದೆ. 93 ಡಿಗ್ರಿವರೆಗೆ ತಾಳುವ ಸಿಪಿವಿಸಿ ಕೊಳ್ಳಿ.

ನೀರು ಬಹಳ ಸುಟ್ಟರೆ ಶವರಿನಲ್ಲಿ ತಣ್ಣೀರನ್ನು ಪೂರ್ತಿ ತಿರುವಬೇಡಿ. ಗೀಸರಿನ ಪಾಲಿನ ಹರಿವು ಕಡಿಮೆಯಾಗಿ ಬೆಂಕಿ ಆರುತ್ತದೆ. ಗೀಸರಿನ ಗುಬುಟು ತಿರುಗಿಸಿ ಉರಿ ತಗ್ಗಿಸಿ.

ಜಳಕದ ನಡುವೆ ತಲೆ ಸುತ್ತಿದರೆ, ಹೊಟ್ಟೆ ತೊಳಸಿದರೆ ಅಲ್ಲೇ ಕೂರಬೇಡಿ. ಬಾಗಿಲು ತೆರೆದು ಹೊರಗೆ ಬನ್ನಿ, ಸಿಲಿಂಡರ್ ಬಂದ್ ಮಾಡಿಸಿ, 108ಕ್ಕೆ ಫೋನ್ ಮಾಡಿಸಿ.